ಮಡಿಯಲ್ಲಿದ್ದ ಕೈ

ಅಪ್ಪನ ಎಡಗೈ ಮಣಿಕಟ್ಟಿನ ಮೇಲೆ ಬೆರಳಿಟ್ಟರೆ ಬೆಂಕಿಪೊಟ್ಟಣದೊಳಗೆ ಜೀರುಂಡೆ ಹಾಕಿಟ್ಟಂತೆ ಒಳಗಿನಿಂದ ಗುಂಯ್ ಅನ್ನುತ್ತಿತ್ತು. ಮೂತ್ರಪಿಂಡ ಕೆಟ್ಟು ಡಯಾಲಿಸಿಸ್ ಶುರುವಾದಾಗ ರಾಯಚೂರಿನ ಆಸ್ಪತ್ರೆಯಲ್ಲಿ ಆ ಮಣಿಕಟ್ಟಿನ ಧಮನಿಯೊಂದನ್ನು ಪಕ್ಕದ ಅಭಿಧಮನಿಗೆ ಜೋಡಿಸಿ ಹೊಲಿದಿದ್ದರು. ಆ ಜೋಡಣೆಗೆ ಫಿಸ್ಟುಲಾ ಅನ್ನುತ್ತಾರೆ. ಗುಂಯ್ ಅಂದರೆ ರಕ್ತ ಹರಿಯುತ್ತಿದೆ, ನಿಂತರೆ ನಾಳ ಮುಚ್ಚಿದೆ. ದಿನಾ ಬೆಳಿಗ್ಗೆ ಮುಟ್ಟಿ ನೋಡಬೇಕು. ಸಕ್ಕರೆ ಕಾಯಿಲೆಯಿಂದ ಅಪ್ಪನ ಬೆರಳ ತುದಿ ಜೋಮು ಹಿಡಿದಿದ್ದವು, ಹಾಗಾಗಿ ಮುಟ್ಟುವ ಕೆಲಸ ನನ್ನದು. ಅಮ್ಮ ಹೋದ ಮೇಲೆ ಮಾನ್ವಿಯ ಮನೆಯಲ್ಲಿ ಇರುವವರು ನಾವಿಬ್ಬರೇ.

ಅದಕ್ಕೂ ಮೊದಲು ಬಲಗೈಗೆ ಮಾಡಿದ್ದ ಫಿಸ್ಟುಲಾ ಮುಚ್ಚಿಹೋಗಿತ್ತು. ಇದೂ ಹೋದರೆ ಕುತ್ತಿಗೆಗೆ ನಳಿಕೆ ಹಾಕುವುದೊಂದೇ ದಾರಿ. ಡಯಾಲಿಸಿಸ್‌ನಲ್ಲಿ ಪಕ್ಕದ ಹಾಸಿಗೆಗೆ ಬರುತ್ತಿದ್ದ ದೇವದುರ್ಗದ ಕಡೆಯ ಕುರಿಗಾರ ಹಿರಿಯನಿಗೆ ಹಾಗೇ ಹಾಕಿದ್ದರು. ನಂಜೇರಿ ಚಳಿಜ್ವರ ಬಂತು. ಮುಂದಿನ ವಾರ ಆ ಹಾಸಿಗೆಯಲ್ಲಿ ಬೇರೆ ಯಾರೋ ಮಲಗಿದ್ದರು. ಅವನೇನಾದ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಫಿಸ್ಟುಲಾ ಮುಚ್ಚುವುದಾದರೂ ಯಾಕೆ ಎಂದು ರಕ್ತನಾಳದ ಡಾಕ್ಟರನ್ನು ಕೇಳಿದ್ದೆ.

"ನೋಡ್ರೀ ಟೀಚರ್, ದೊಡ್ಡ ಕಾಲುವಿ ನೀರು ಒಮ್ಮಿಗೇ ಸಣ್ಣ ಹೊಲಗಾಲುವಿಗೆ ನುಗ್ಗಿದ್ರ ತಿರುವಿನ್ಯಾಗ ಸುಳಿ ಏಳ್ತದ. ಇಲ್ಲೂ ಹಂಗ. ಹೊಲಿಗಿ ಹಾಕಿದ ಜಾಗಾದಾಗ ರಕ್ತ ನೆಟ್ಟಗ ಹರಿಯಂಗಿಲ್ಲ, ಸುಳೀತದ. ನಾಳದ ಒಳಪದರಕ್ಕ ಆ ತಿಕ್ಕಾಟ ಒಗ್ಗಂಗಿಲ್ಲ. ಅದು ದಪ್ಪ ಆಕ್ಕೋತ ಹೋಗ್ತದ, ದಾರಿ ಸಣ್ಣ ಆಗ್ತದ. ಅಂಥಾದ್ರಾಗ ಬಿಪಿ ಇಳೀತಂದ್ರ ರಕ್ತ ಅಲ್ಲೇ ಹೆಪ್ಪುಗಟ್ಟತದ."

ಅಪ್ಪ ದೊಡ್ಡ ವಿದ್ವಾಂಸನ ಹಾಗೆ ತಲೆಯಾಡಿಸಿದ. ಅವನ ತಲೆಯಲ್ಲಿ ಉಳಿದದ್ದು ಮಾತ್ರ ಹಿಂದೊಮ್ಮೆ ಕೇಳಿದ್ದ ಒಂದೇ ಮಾತು: ನೀರು ಕಡಿಮೆ ಕುಡಿಯಿರಿ.

ಆಮೇಲೆ ಏಕಾದಶಿ ಬಂತು. ಜೀವಮಾನವಿಡೀ ಗುಡಿಯ ಪೂಜೆ ಮಾಡಿದವನು, ಆ ದಿನ ತೊಟ್ಟು ನೀರೂ ಮುಟ್ಟುವವನಲ್ಲ. ಕಾಯಿಲೆ ಬಂದ ಮೇಲೆ ಆ ಉಪವಾಸ ಬಿಡಿಸಿದ್ದೆ. ಈ ಸಲ ಹೊಸ ಶಾಸ್ತ್ರ ತೆಗೆದ.

"ಡಾಕ್ಟರೇ ನೀರು ಕಡಿಮಿ ಮಾಡ್ರಿ ಅಂತಾರ. ಒಂದಿನ ಪೂರಾ ಬಿಟ್ರ ಇನ್ನೂ ಛಲೋ ಅಲ್ಲೇನು?"

"ಕಡಿಮಿ ಅಂದ್ರ ಬಂದ್ ಅಲ್ಲಪ್ಪಾ!"

"ನಿನ್ನ ಪಾಠ ಸಾಲ್ಯಾಗ ಹೇಳು, ಹೋಗು."

ನಾನು ಬೈದದ್ದೆಲ್ಲ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಹಿಂದಿನ ದಿನವಷ್ಟೇ ಡಯಾಲಿಸಿಸ್‌ನಲ್ಲಿ ಮೈಯ ನೀರು ತೆಗೆದಿದ್ದರು. ಅದರ ಮೇಲೆ ನೀರೂ ಬಿಟ್ಟರೆ ಬಿಪಿ ಇಳಿಯದೆ ಇರುತ್ತದೆಯೇ?

ದ್ವಾದಶಿಯ ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಅವನ ಸ್ನಾನ ಮುಗಿದು, ಮಡಿಯುಟ್ಟು ದೇವರ ಮುಂದೆ ಕೂತಾಗಿತ್ತು. ಪೂಜೆ ಮುಗಿಯುವ ತನಕ ಯಾರೂ ಮುಟ್ಟುವಂತಿಲ್ಲ.

"ಅಪ್ಪಾ, ಕೈ ಕೊಡು, ನೋಡ್ತೀನಿ."

"ಮಡಿಯೊಳಗ ಇದ್ದೀನಿ, ದೂರ ಸರಿ."

ದೇವರ ಕೋಣೆಯ ಬಾಗಿಲಲ್ಲೇ ನಿಂತೆ. ಅಪ್ಪನ ತುಟಿ ಒಣಗಿ ಬೆಳ್ಳಗಾಗಿದ್ದವು. ಮಂತ್ರ ನಡುನಡುವೆ ತಪ್ಪುತ್ತಿತ್ತು. ಅವನ ಬಾಯಲ್ಲಿ ಮಂತ್ರ ತಪ್ಪಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಆರತಿಗೆಂದು ಎದ್ದವನು ಓಲಾಡಿ ಗೋಡೆ ಹಿಡಿದುಕೊಂಡ. ಹೊಸ್ತಿಲು ದಾಟಿ ಹೋಗಿ ಅವನ ಮಣಿಕಟ್ಟು ಹಿಡಿದೇಬಿಟ್ಟೆ.

"ಏನ ಮಾಡಿದ್ಯೇ! ಮೈಲಿಗಿ ಮಾಡಿದ್ಯಲ್ಲ!"

ಅವನ ಕೂಗು ನನ್ನ ಕಿವಿಗೆ ಬಿದ್ದರೂ ಮನಸ್ಸಿಗೆ ಹೋಗಲಿಲ್ಲ. ಬೆರಳು ಸರಿಸಿ ಸರಿಸಿ ನೋಡಿದೆ. ಮಣಿಕಟ್ಟಿಗೆ ಕಿವಿ ಹಚ್ಚಿದೆ. ಒಳಗೆ ಏನೂ ಇರಲಿಲ್ಲ.

"ಅಪ್ಪಾ, ಇಲ್ಲ" ಅಂದೆ.

ಬೈಯುತ್ತಿದ್ದವನು ಅಲ್ಲೇ ನೆಲಕ್ಕೆ ಕುಸಿದು ಕೂತ.

ಬಾಡಿಗೆ ಕಾರಿನಲ್ಲಿ ರಾಯಚೂರಿಗೆ ಹೊರಟೆವು. ಮಡಿ ಪಂಚೆಯ ಮೇಲೊಂದು ಶಾಲು ಹೊದ್ದಿದ್ದ ಅಪ್ಪ, ಅರ್ಧಕ್ಕೆ ನಿಂತ ಪೂಜೆಯ ಮಾತೆತ್ತಲೇ ಇಲ್ಲ. ಕಲ್ಲೂರು ದಾಟುವಾಗ ನನ್ನ ಬೆರಳನ್ನು ತಾನೇ ಎಳೆದು ಮಣಿಕಟ್ಟಿನ ಮೇಲಿಟ್ಟುಕೊಂಡ.

"ಮತ್ತ ನೋಡು. ಈಗರ ಬಂದದೇನು?"

ಇಲ್ಲವೆಂದು ತಲೆಯಾಡಿಸಿದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮತ್ತೆ ಎಳೆದಿಟ್ಟ. ಆ ಕುರಿಗಾರನ ಹಾಸಿಗೆ ನನ್ನ ಕಣ್ಣ ಮುಂದಿನಿಂದ ಕದಲಲಿಲ್ಲ. ಅಪ್ಪನ ಕಣ್ಣ ಮುಂದೆಯೂ ಅದೇ ಇತ್ತೆಂದು ಕಾಣುತ್ತದೆ.

ಡಾಕ್ಟರು ನಾಳದೊಳಗಿನ ಹೆಪ್ಪು ತೆಗೆದು, ಕಿರಿದಾಗಿದ್ದ ಕಡೆ ಸಣ್ಣ ಬಲೂನು ಉಬ್ಬಿಸಿ ಅಗಲ ಮಾಡಿದರು. ಸಂಜೆಗೆ ಗುಂಯ್ ಮರಳಿ ಬಂತು. ನಾನು ಅಳುತ್ತ ನಕ್ಕೆ.

"ಸದ್ಯಕ್ಕ ಉಳೀತ್ರಿ. ಆದ್ರ ಸುಳಿ ಅಲ್ಲೇ ಅದ. ಒಳಪದರ ಮತ್ತ ದಪ್ಪ ಆಗೂದ. ಯಾವಾಗ ಅಂತ ನಾ ಹೇಳಾಕ ಬರಂಗಿಲ್ಲ" ಎಂದರು ಡಾಕ್ಟರು.

ಈಗ ಏಕಾದಶಿಗೂ ಅಪ್ಪ ಅಳತೆಯ ನೀರು ಕುಡಿಯುತ್ತಾನೆ. ದಿನಾ ಬೆಳಿಗ್ಗೆ ನನಗೆ ಕೈ ತೋರಿಸಿದ ಮೇಲೆಯೇ ಸ್ನಾನ, ಮಡಿ. ಹೆದರಿಕೆಯಲ್ಲಿ ನಾನು ಬೆರಳನ್ನು ಬಿಗಿಯಾಗಿ ಒತ್ತಿಬಿಡುತ್ತೇನೆ. ಬಿಗಿಯಾಗಿ ಒತ್ತಿದರೆ ಗುಂಯ್ ತಿಳಿಯುವುದೇ ಇಲ್ಲ. ಆಗ ಅಪ್ಪ ನನ್ನ ಮುಖವನ್ನೇ ನೋಡುತ್ತ, "ಹಗೂರಕ, ನನ್ನವ್ವಾ, ಹಗೂರಕ ಹಿಡಿ" ಅನ್ನುತ್ತಾನೆ.