ಆ ಹುಡುಗನ ಅವ್ವಗ ಗೊತ್ತಿತ್ತೇನ್ರಿ?

ನಾನು ಮೊದಲೇ ಅಂಜುಬುರುಕಿ. ಮಗ ಎರಡು ಸಲ ಸೀನಿದರೆ ನನ್ನ ಎದೆ ಡವಡವ ಎನ್ನುತ್ತದೆ. ಹೋದ ವರ್ಷ ಒಂದು ಬೆಳಿಗ್ಗೆ, ನಾಲ್ಕನೇ ತರಗತಿಯಲ್ಲಿದ್ದ ಆ ಮಗ ಹೊಟ್ಟೆ ಹಿಡಿದುಕೊಂಡು ಮುದುಡಿ ಮಲಗಿದ್ದ. "ನೀ ಸಾಲಿಗೆ ಹೋಗು. ನಾ ಡಾಕ್ಟರಿಗೆ ತೋರಿಸ್ಕೊಂಡ ಬರ್ತೇನಿ, ಗ್ಯಾಸ್ ಆಗಿರ್ತೈತಿ," ಎಂದು ನನ್ನನ್ನು ಕಳಿಸಿದರು ಯಜಮಾನರು. ಹಾವೇರಿಯಿಂದ ರಾಣೆಬೆನ್ನೂರಿನ ಬಸ್ಸು ಹಿಡಿದು, ಅಲ್ಲಿಂದ ನಾನು ಪಾಠ ಮಾಡುವ ಹಲಗೇರಿಯ ಶಾಲೆ ಮುಟ್ಟಿದರೂ ನನ್ನ ಜೀವ ಮನೆಯಲ್ಲೇ ಇತ್ತು.

ಅಂದು ಎಂಟನೇ ತರಗತಿಗೆ ಯೆಹೂದಿ, ಕ್ರೈಸ್ತ, ಇಸ್ಲಾಂ ಧರ್ಮಗಳ ಪಾಠ. ಮೂರಕ್ಕೂ ಮೂಲಪುರುಷ ಅಬ್ರಹಾಮ, ಮುಸ್ಲಿಮರಿಗೆ ಇಬ್ರಾಹಿಂ ಎಂದು ಬೋರ್ಡಿನ ಮೇಲೆ ಬರೆದೆ. ದೇವರು ಒಬ್ಬನೇ ಎಂದು ನಂಬಿ ಹುಟ್ಟಿದ ಊರನ್ನೇ ಬಿಟ್ಟವನು. ಅವನ ಹೆಂಡತಿ ಸಾರಾಳ ಮಗ ಇಸಾಕನ ವಂಶ ಯೆಹೂದಿಗಳದು, ಯೇಸು ಹುಟ್ಟಿದ್ದೂ ಅವರಲ್ಲೇ. ಇನ್ನೊಬ್ಬ ಹೆಂಡತಿ ಹಾಜರಾಳ ಮಗ ಇಸ್ಮಾಯಿಲನ ವಂಶದಲ್ಲಿ ಪೈಗಂಬರರು. ಮುಪ್ಪಿನಲ್ಲಿ ಪಡೆದ ಮಗನನ್ನೇ ಬಲಿ ಕೊಡೆಂದು ದೇವರು ಕೇಳಿದ್ದು, ಕತ್ತಿ ಎತ್ತಿದಾಗ ತಾನೇ ತಡೆದದ್ದು ಎಲ್ಲ ಹೇಳಿದೆ. ಆ ಮಗ ಇಸಾಕ ಎನ್ನುತ್ತಾರೆ ಯೆಹೂದಿಗಳು, ಕ್ರೈಸ್ತರು. ಮುಸ್ಲಿಮರು ಇಸ್ಮಾಯಿಲ ಎನ್ನುತ್ತಾರೆ, ಅವರ ಕಥೆಯಲ್ಲಿ ತಂದೆ ಮೊದಲು ಮಗನನ್ನೇ ಕೇಳುತ್ತಾನೆ, ಮಗ ಒಪ್ಪುತ್ತಾನೆ.

ಎರಡನೇ ಬೆಂಚಿನ ಹುಡುಗಿ ಎದ್ದು ನಿಂತಳು. "ಟೀಚರ್, ಆ ಹುಡುಗನ ಅವ್ವಗ ಗೊತ್ತಿತ್ತೇನ್ರಿ?"

"ಪುಸ್ತಕದಾಗ ಇಲ್ಲವ್ವಾ, ಕುಂದ್ರು," ಎಂದು ಗದರಿಸಿದೆ. ಆದರೆ ಅವಳ ಪ್ರಶ್ನೆ ನನ್ನ ತಲೆಯಿಂದ ಹೋಗಲಿಲ್ಲ.

ಸ್ಟಾಫ್ ರೂಮಿನಲ್ಲಿ ಗಣಿತದ ಟೀಚರನ್ನು ಅದನ್ನೇ ಕೇಳಿದೆ. ಆಕೆ ಮುಸ್ಲಿಮರ ಹೆಣ್ಣುಮಗಳು. "ನಮ್ಮಜ್ಜಿ ಹೇಳ್ತಿದ್ರು. ಸೈತಾನ ಹಾಜರಾಳ ಹತ್ರ ಬಂದು, ನಿನ್ನ ಗಂಡ ಮಗನ್ನ ಕೊಲ್ಲಾಕ ಒಯ್ದಾನ ಅಂದ್ನಂತ. ದೇವರ ಹುಕುಂ ಇದ್ರ ಆಗಲಿ ಅಂತ ಆಕಿ ಅವನ್ನ ಓಡಿಸಿದ್ಲಂತ," ಎಂದಳು. ನಾನು ಎಲ್ಲೋ ಓದಿದ್ದು ನೆನಪಾಯಿತು: ಯೆಹೂದಿಗಳ ಹಳೆಯ ಕಥೆಯೊಂದರಲ್ಲಿ, ಸುದ್ದಿ ಕೇಳಿದ ಕೂಡಲೇ ಸಾರಾ ಎದೆಯೊಡೆದು ಸತ್ತಳಂತೆ. ಅವಳ ಜಾಗದಲ್ಲಿದ್ದರೆ ನಾನಂತೂ ಸಾಯುವವಳೇ ಅಂದುಕೊಂಡೆ.

ಅಷ್ಟರಲ್ಲಿ ಕರ್ಜಗಿಯ ನಾದಿನಿಯ ಫೋನು. "ವೈನಿ, ಹುಡುಗಂದು ಆಪರೇಷನ್ ಮುಗೀತೇನ್ರಿ?"

"ಯಾವ ಆಪರೇಷನ್?"

"ಅಯ್ಯ ಶಿವನ, ಅಣ್ಣ ನಿಮಗ ಹೇಳಿಲ್ಲೇನು?"

ಯಜಮಾನರು ಫೋನ್ ಎತ್ತಲೊಲ್ಲರು. ಯಾವ ಆಸ್ಪತ್ರೆ ಎಂದು ನಾದಿನಿಯಿಂದಲೇ ತಿಳಿದುಕೊಂಡೆ. ಗಣಿತದ ಟೀಚರ್ ತನ್ನ ಸ್ಕೂಟಿಯಲ್ಲಿ ಕೂರಿಸಿಕೊಂಡು ರಾಣೆಬೆನ್ನೂರಿನ ಬಸ್ ಸ್ಟ್ಯಾಂಡಿಗೆ ಬಿಟ್ಟಳು. ಹೈವೇ ಉದ್ದಕ್ಕೂ ಗಂಡನನ್ನು ಬೈದೆ. ಸಾಲದ್ದಕ್ಕೆ ಅಬ್ರಹಾಮನನ್ನೂ ಬೈದೆ. ಮಹಾ ಭಕ್ತ! ಬೆಳಗ್ಗೆ ಎದ್ದು ಮಗನನ್ನು ಬಲಿಗೆ ಒಯ್ಯಲು ಕತ್ತೆಗೆ ತಡಿ ಹಾಕುವಾಗ ಹೆಂಡತಿಯನ್ನು ಎಬ್ಬಿಸಿ ಒಂದು ಮಾತು ಹೇಳಿದ್ದರೆ ಗಂಟು ಹೋಗುತ್ತಿತ್ತೇ? ಮರುಗಳಿಗೆಯೇ ಹೆದರಿ, ತಪ್ಪಾಯಿತೆಂದು ಗಲ್ಲ ಗಲ್ಲ ಬಡಿದುಕೊಂಡೆ. ಮೂರೂ ಧರ್ಮಕ್ಕೆ ಅಬ್ರಹಾಮನ ದೇವರೊಬ್ಬನೇ. ಅವನೇ ಸಿಟ್ಟಾದರೆ ನನ್ನ ಮಗನನ್ನು ಯಾರ ಹತ್ತಿರ ಬೇಡಲಿ? ಪಕ್ಕದ ಸೀಟಿನಾಕೆ ನನ್ನನ್ನೇ ನೋಡುತ್ತಿದ್ದಳು.

ಹಾವೇರಿಯ ಆಸ್ಪತ್ರೆಯಲ್ಲಿ ಯಜಮಾನರು ಬೆಂಚಿನ ಮೇಲೆ ಕೂತಿದ್ದರು. ಕೈಯಲ್ಲಿ ಮಗನ ಚಪ್ಪಲಿಗಳು.

"ಅಪೆಂಡಿಕ್ಸ್, ಒಡಿಯೂ ಹಂಗ ಇತ್ತಂತ. ಈಗ ಆರಾಮ ಅದಾನ," ಎಂದರು.

"ನನಗ ಯಾಕ ಹೇಳ್ಲಿಲ್ರಿ?"

ಅವರು ವಾರ್ಡಿನ ಬಾಗಿಲ ಕಡೆ ಕೈ ತೋರಿಸಿದರು.

ಒಳಗೆ ಹೋಗಿ ಮಗನ ಮೂಗಿನ ಕೆಳಗೆ ಬೆರಳಿಟ್ಟೆ. ಉಸಿರು ಬೆಚ್ಚಗಿತ್ತು. ಆದರೂ ನಂಬಿಕೆ ಬರದೆ ಮತ್ತೆ ಮತ್ತೆ ಇಟ್ಟು ನೋಡಿದೆ. ಸಂಜೆ ಅವನು ಕಣ್ಣು ಬಿಟ್ಟ.

"ಅವ್ವಾ, ಅಪ್ಪಗ ಬೈಬ್ಯಾಡ. ಹೊಟ್ಟಿ ಕೊಯ್ತಾರ, ಆಗಲೇನಪಾ ಅಂತ ಮೊದಲ ನನ್ನ ಕೇಳಿದ್ರು. ನಾ ಹೂಂ ಅಂದೆ. ಅವ್ವಗ ಹೇಳಬ್ಯಾಡ್ರಿ, ಅಂಜತಾಳ ಅಂತ ನಾನ ಅಂದೆ."

ಅಲ್ಲಿಯವರೆಗೆ ಹಿಡಿದಿಟ್ಟ ಅಳು ಆಗ ಒತ್ತರಿಸಿ ಬಂತು.

"ಅಂಜೂದು ನನ್ನ ಕೆಲಸಪಾ," ಎಂದೆ. "ಅದನ್ನೊಂದ ನನ್ನ ಕಡಿಂದ ಕಸ್ಕೋಬ್ಯಾಡ್ರಿ."