ರಿವರ್ಸ್ ಹಾಕದ ಚಾಚಾ

ಚಾಚಾರನ್ನು ಪಕ್ಕದಿಂದ ಕರೆದರೆ ಅವರ ತಲೆಯೊಂದೇ ತಿರುಗುತ್ತಿರಲಿಲ್ಲ. ಭುಜ, ಎದೆ, ಸೊಂಟ ಎಲ್ಲ ಒಟ್ಟಿಗೆ ತಿರುಗಿ, ಕೊನೆಗೆ ಕಾಲೂ ಒಂದು ಹೆಜ್ಜೆ ಸರಿದು, ಇಡೀ ಮನುಷ್ಯ ನಮ್ಮ ಎದುರಿಗೆ ಬಂದು ನಿಲ್ಲುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿಯ ಕಾಲರಿನ ಮೇಲೆ ಆ ಕುತ್ತಿಗೆ ನೆಟ್ಟಗೆ ನಿಂತೇ ಇರುತ್ತಿತ್ತು. ನಾನು ಅದನ್ನು ಗತ್ತು ಅಂದುಕೊಂಡಿದ್ದೆ. ಚಿಂತಾಮಣಿಯಲ್ಲಿ ಇಪ್ಪತ್ತು ವರ್ಷದಿಂದ ಮದುವೆ ಹೆಣ್ಣುಗಳಿಗೆ ಮೇಕಪ್ ಮಾಡುತ್ತಿರುವವಳು ನಾನು; ದಿನ ಬೆಳಗಾದರೆ ಇನ್ನೊಬ್ಬರ ಮುಖ, ಕುತ್ತಿಗೆ ನೋಡುವುದೇ ನನ್ನ ಕಸುಬು. ಅಂಥವಳಿಗೂ ಅದು ಗತ್ತಾಗಿ ಕಂಡಿತಲ್ಲ, ನನ್ನ ಕಣ್ಣಿಗೆ ಏನು ಹೇಳಬೇಕೋ.

ಉದ್ದ ಕಾರಿನ ಹುಚ್ಚು ಹತ್ತಿದ್ದೂ ಈ ಮೇಕಪ್ಪಿನಿಂದಲೇ. ಮೂರು ಗಂಟೆ ಸೊಂಟ ಬಗ್ಗಿಸಿ ಅಲಂಕಾರ ಮಾಡಿ ಕಳಿಸಿದ ಹುಡುಗಿಯನ್ನು ಅವರ ಮನೆಯವರು ಒಂದು ವ್ಯಾನಿನೊಳಗೆ, ಹಣ್ಣಿನ ತಟ್ಟೆ, ಜಮಖಾನೆ ಸುರುಳಿ, ವಾಂತಿ ಮಾಡುವ ಮಗು, ಎಲ್ಲದರ ನಡುವೆ ತುರುಕುತ್ತಿದ್ದರು. ಛತ್ರದ ಬಾಗಿಲಲ್ಲಿ ಇಳಿಯುವ ಹೊತ್ತಿಗೆ ಮೊಗ್ಗಿನ ಜಡೆ ಒಂದು ಕಡೆ, ಕಾಡಿಗೆ ಇನ್ನೊಂದು ಕಡೆ. ನೋಡಿ ನೋಡಿ ಹೊಟ್ಟೆ ಉರಿದು, ನನ್ನ ಹೆಸರಿನಲ್ಲಿದ್ದ ಸೈಟು ಮಾರಿ, ಬೆಂಗಳೂರಿನಲ್ಲಿ ಯಾರೋ ಸಾಕಾಗಿ ಮಾರುತ್ತಿದ್ದ ಬಿಳಿ ಲಿಮೋಸಿನ್ ತಂದೆ. ಮದುವೆಗೆ ಬಾಡಿಗೆಗೆ ಬಿಡುವುದು ಅಂತ. ಪರ್ಮಿಟ್ಟಿಗಾಗಿ ಆಫೀಸು ಅಲೆದು ಚಪ್ಪಲಿ ಸವೆಸಿದ್ದನ್ನು ಇಲ್ಲಿ ಹೇಳುತ್ತಾ ಕೂರುವುದಿಲ್ಲ. ಲಿಮೋಸಿನ್ ಅನ್ನುವ ಹೆಸರು ಊರಿನ ಬಾಯಿಗೆ ಒಗ್ಗಲಿಲ್ಲ. ತೆಲುಗಿನಲ್ಲಿ ಉದ್ದಕ್ಕೆ ಪೊಡವು ಅನ್ನುತ್ತಾರಲ್ಲ, ಎರಡೇ ದಿನದಲ್ಲಿ ಅದು 'ಪೊಡವು ಕಾರು' ಆಯಿತು.

ನನ್ನ ಯಜಮಾನರು ಒಂದೇ ಮಾತು ಹೇಳಿದ್ದರು. "ಒಂದು ಸೀಸನ್ ನೋಡ್ತೀನಿ ಕಣೇ. ಓಡಲಿಲ್ಲ ಅಂದ್ರೆ ಬಂದಷ್ಟಕ್ಕೆ ಮಾರಿ, ಸುಮ್ನೆ ಪಾರ್ಲರ್ ನೋಡ್ಕೊಂಡಿರು." ಆ ಒಂದು ಸೀಸನ್ನೇ ನನ್ನ ಗಡುವು.

ಮೊದಲು ಬಂದ ಡ್ರೈವರು ಮೊದಲ ದಿನವೇ ನಮ್ಮ ಕಾಂಪೌಂಡಿಗೆ ಉಜ್ಜಿದ. ಎರಡನೆಯವನು ಸರ್ಕಲ್ಲಿನಲ್ಲಿ ತಿರುಗಿಸಲು ಹೋಗಿ ನಾಲ್ಕೂ ರಸ್ತೆ ಕಟ್ಟಿ ಹಾಕಿ, ಕೀ ನನ್ನ ಕೈಗೆ ಕೊಟ್ಟು ಹೋದವನು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಆಗ ಯಾರೋ ಚಾಚಾರನ್ನು ಕಳಿಸಿದರು. ಇಡೀ ಆಯುಸ್ಸು ಪ್ರೈವೇಟ್ ಬಸ್ಸು ಓಡಿಸಿ ಮನೆಯಲ್ಲಿ ಕೂತಿದ್ದವರು. ಕಾರಿನ ಸುತ್ತ ಒಂದು ಸುತ್ತು ಬಂದು, ಉದ್ದವನ್ನು ಹೆಜ್ಜೆಯಲ್ಲಿ ಅಳೆದರು.

"ಕಾರ್ ಅಂದ್ಕೊಂಡ್ರೆ ಇದು ಕೈಗೆ ಬರಲ್ಲಮ್ಮಾ. ಬಸ್ ಅಂದ್ಕೋಬೇಕು, ಬರುತ್ತೆ," ಎಂದರು. ಆಮೇಲೆ, "ಇನ್ನೊಂದ್ ಮಾತು. ಮದ್ವೆ ಹೆಣ್ಣು ಕೂತ ಮೇಲೆ ನಾನು ಗಾಡಿ ಹಿಂದಕ್ಕೆ ತಗೊಳಲ್ಲ. ರಿವರ್ಸ್ ಹಾಕಲ್ಲ."

"ಯಾಕೆ ಚಾಚಾ?"

"ಮುಂದಕ್ ಹೋಗೋ ಮಗು ಅದು. ಹಿಂದಕ್ಕೆ ಎಳೀಬಾರ್ದು."

ನಾನು ಅದು ಅವರ ಕಡೆಯ ಶಾಸ್ತ್ರ ಇರಬೇಕು ಅಂದುಕೊಂಡು ತಲೆಯಾಡಿಸಿದೆ. ಅವರ ಕಡೆಯ ಮದುವೆಗಳಿಗೆ ಹೋದಾಗ ಅಲ್ಲಿನವರು ಅದು ನಮ್ಮ ಕಡೆಯ ಶಾಸ್ತ್ರ ಅಂದುಕೊಂಡು ತಲೆಯಾಡಿಸಿದರಂತೆ. ಎರಡೂ ಕಡೆಯವರಿಗೆ ಚಾಚಾ ಏನೂ ಹೇಳಲಿಲ್ಲ.

ಆಮೇಲೆ ಶುರುವಾಯಿತು ನನ್ನ ಗ್ರಹಚಾರ. ಬುಕಿಂಗ್ ಬಂದರೆ ಚಾಚಾ ಒಂದು ದಿನ ಮುಂಚೆ ಹೋಗಿ ಆ ದಾರಿಯನ್ನು ನಡೆದು ನೋಡುತ್ತಿದ್ದರು. ಕೈ ಹಿಂದೆ ಕಟ್ಟಿಕೊಂಡು, ತಿರುವು ಬಂದಲ್ಲಿ ಹೆಜ್ಜೆ ಹಾಕಿ ಅಳೆದು, ಕರೆಂಟು ಕಂಬ, ಚರಂಡಿ, ಯಾರದೋ ಮನೆ ಮುಂದೆ ಸುರಿದ ಮರಳು, ಒಂದನ್ನೂ ಬಿಡದೆ. ಒಳಗೆ ಹೋದ ಗಾಡಿ ಮುಂದಕ್ಕೇ ಹೊರಗೆ ಬರುವಂತಿಲ್ಲದಿದ್ದರೆ ಅಲ್ಲಿಂದಲೇ ಫೋನು. "ಆಗಲ್ಲಮ್ಮಾ. ಬೇಡ ಅನ್ನು." ಅಷ್ಟೇ. ನಾನು ಎಷ್ಟು ಕಷ್ಟಪಟ್ಟು ಹಿಡಿದ ಗಿರಾಕಿ, ಎಷ್ಟು ಜನಕ್ಕೆ ಹಲ್ಲು ಗಿಂಜಿದ್ದೇನೆ, ಯಾವುದೂ ಅವರಿಗೆ ಬೇಕಿರಲಿಲ್ಲ. ಮೊದಲ ತಿಂಗಳು ಬಂದ ಬುಕಿಂಗಿನಲ್ಲಿ ಅರ್ಧಕ್ಕರ್ಧ ಅವರೇ ಬೇಡ ಅನ್ನಿಸಿದರು. ಮನೆಗೆ ಹೋದರೆ ಯಜಮಾನರ ಮುಖ ನೋಡಲಾಗುತ್ತಿರಲಿಲ್ಲ.

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಸುವ ಒಂದು ದೊಡ್ಡ ಕುಳದ ಮನೆ. ಅವರ ಬೀದಿ ಮುಂದೆ ಹೋಗಿ ಗೋಡೆಗೆ ಮುಗಿಯುತ್ತಿತ್ತು. ಈ ಗಿರಾಕಿಯನ್ನು ಬಿಟ್ಟರೆ ಕೆಟ್ಟೆ ಅಂತ ಚಾಚಾರ ಕಾಲು ಹಿಡಿಯುವುದೊಂದು ಬಾಕಿ.

"ಹುಡುಗೀನ ಮೇನ್‌ರೋಡ್‌ವರೆಗೂ ನಡೆಸ್ಕೊಂಡ್ ಬರೋಕೆ ಹೇಳು. ಗಾಡಿ ಅಲ್ಲಿ ನಿಂತಿರುತ್ತೆ," ಎಂದರು.

"ಇಷ್ಟು ಉದ್ದ ಕಾರ್ ಕರ್ಸೋದು ನಡ್ಕೊಂಡ್ ಬರೋಕಾ ಚಾಚಾ?"

"ಕೇಳಿ ನೋಡಮ್ಮಾ. ಬರ್ತಾರೆ."

ಬಂದರು. ಸೋದರಮಾವಂದಿರು ನಾಲ್ಕು ಜನ ಜರಿ ಸೀರೆಯನ್ನು ಹುಡುಗಿಯ ತಲೆಯ ಮೇಲೆ ಚಪ್ಪರದಂತೆ ಹಿಡಿದರು, ಹೆಂಗಸರು ಸೋಬಾನೆ ಹೇಳಿದರು, ಇಡೀ ಬೀದಿ ಬಾಗಿಲಿಗೆ ಬಂದು ನಿಂತಿತು. ವಿಡಿಯೋದವನಿಗಂತೂ ಹಬ್ಬ. ನನಗೆ ಖುಷಿಯಾಗಬೇಕಿತ್ತು, ಆಗಲಿಲ್ಲ. ಈ ಮನುಷ್ಯ ಹೇಳಿದ್ದೇ ನಡೆಯಿತಲ್ಲ ಅಂತ ಮೈ ಉರಿಯಿತು.

ಅದೇ ಸೀಸನ್ನಿನಲ್ಲಿ ಕೆಂಚಾರ್ಲಹಳ್ಳಿಯ ಹೆಣ್ಣನ್ನು ಚಿಂತಾಮಣಿಯ ಛತ್ರಕ್ಕೆ ಕರೆತರುತ್ತಿದ್ದೆವು. ನಾನು ಮುಂದಿನ ಸೀಟಿನಲ್ಲಿದ್ದೆ. ಊರು ದಾಟಿದ ಮೇಲೆ ರಸ್ತೆ ಕಿರಿದು. ಎದುರಿಗೆ ಖಾಲಿ ಟೊಮೇಟೊ ಕ್ರೇಟು ತುಂಬಿಕೊಂಡ ಒಂದು ಲಾರಿ ಬಂದು ನಿಂತಿತು. ನಾವು ಐವತ್ತು ಅಡಿ ಹಿಂದಕ್ಕೆ ಸರಿದರೆ ಅಗಲವಾದ ಜಾಗವಿತ್ತು. ಲಾರಿಯವನು ನಾನ್ಯಾಕೆ ಹಿಂದಕ್ಕೆ ಹೋಗಲಿ ಅಂತ ಹಠ ಹಿಡಿದ. ಚಾಚಾ ಇಂಜಿನ್ ಆಫ್ ಮಾಡಿದರು.

"ಅವನೇ ಹೋಗ್ಲಿ. ಅದ್ರಲ್ಲಿರೋದು ಖಾಲಿ ಕ್ರೇಟು. ಇದ್ರಲ್ಲಿ ಹೆಣ್ಣಿದಾಳೆ."

ಮುಹೂರ್ತಕ್ಕೆ ಒಂದು ಗಂಟೆಯೂ ಇರಲಿಲ್ಲ. ಹೆಣ್ಣಿನ ತಂದೆ ಹಿಂದಿನ ಕಾರಿನಿಂದ ಇಳಿದು ಬಂದು ನನ್ನನ್ನು ಬಾಯಿಗೆ ಬಂದಂತೆ ಬೈದರು. ನನ್ನ ತಾಳ್ಮೆ ಅಲ್ಲಿಗೆ ತೀರಿತು. "ಇಳೀರಿ ಚಾಚಾ ಕೆಳಕ್ಕೆ," ಎಂದೆ. ಅವರು ಇಳಿದು ಬೇಲಿಯ ಪಕ್ಕ ನಿಂತರು. ಹೆಣ್ಣಿನ ಅಣ್ಣ ಸ್ಟೇರಿಂಗ್ ಹಿಡಿದ, ರಿವರ್ಸ್ ಹಾಕಿದ. ಹಿಂದಿನ ಗಾಜಿನ ತುಂಬ ಚೆಂಡುಹೂವಿನ ಪರದೆ. ಇಪ್ಪತ್ತು ಅಡಿ ಹೋಗಿದ್ದೇ ತಡ, ಹಿಂದಿನ ಚಕ್ರ ಚರಂಡಿಗೆ ಇಳಿದು, ಕಾರು ಸೊಂಟ ಮುರಿದ ಎಮ್ಮೆಯಂತೆ ಕೂತುಬಿಟ್ಟಿತು. ಲಾರಿಯ ಹಿಂದೆ ಒಂದು ಲಗೇಜ್ ಆಟೋ ನಿಂತಿತ್ತು. ನಾನು ಬೆಳಿಗ್ಗೆ ನಾಲ್ಕಕ್ಕೆ ಎದ್ದು ಸಿಂಗರಿಸಿದ ಹುಡುಗಿ ಆ ಆಟೋದವನ ಪಕ್ಕ ಕೂತು ಮದುವೆಗೆ ಹೋದಳು.

ಮಾರನೆಯ ದಿನ ಚಾಚಾರ ಮನೆಗೆ ಹೋದೆ. ಚರಂಡಿಗೆ ಬಿದ್ದದ್ದು ಅವರಿಂದಲ್ಲ, ಆದರೂ ಯಾರನ್ನಾದರೂ ಬೈಯಬೇಕಿತ್ತು. ಅವರ ಹೆಂಡತಿ, ನಾನು ಚಾಚಿ ಅನ್ನುತ್ತಿದ್ದೆ, ಬಿಸಿನೀರಿನ ಬಟ್ಟೆ ಹಿಂಡಿ ಅವರ ಕುತ್ತಿಗೆಗೆ ಶಾಖ ಕೊಡುತ್ತಿದ್ದರು.

"ನಿನ್ನೆ ಬಿಸಿಲಲ್ಲಿ ನಿಂತು ಜಾಸ್ತಿ ಆಗಿದೆ ಬೇಟಿ," ಎಂದರು ಚಾಚಿ. "ಈ ಕುತ್ತಿಗೆ ತಿರುಗೋದು ನಿಂತು ಆರು ವರ್ಷ ಆಯ್ತು. ಬಸ್ ಬಿಟ್ಟಿದ್ದೇ ಅದಕ್ಕಲ್ವಾ?"

ಚಾಚಾ ಖಾಲಿ ಗಾಡಿ ಹಿಂದಕ್ಕೆ ತೆಗೆಯುವಾಗಲೂ ಯಾರನ್ನಾದರೂ ಹಿಂದೆ ನಿಲ್ಲಿಸಿ, ಅವರ 'ಬರ್ಲಿ, ಬರ್ಲಿ'ಗೆ ಕಿವಿ ಕೊಟ್ಟು ಇಂಚಿಂಚಾಗಿ ಬರುತ್ತಿದ್ದುದು ನೆನಪಾಯಿತು. ಅದನ್ನು ನಾನು ಬಸ್ಸಿನವರ ಅಭ್ಯಾಸ ಅಂದುಕೊಂಡಿದ್ದೆ.

"ಹಂಗಾದ್ರೆ ಆ ಶಾಸ್ತ್ರ?" ಎಂದೆ.

"ನಾನೇ ಮಾಡಿದ್ದು," ಎಂದರು ಚಾಚಾ.

"ನನ್ನ ಹೊಟ್ಟೆ ಮೇಲೆ ಹೊಡೆಯೋ ಶಾಸ್ತ್ರಾನೇ ಬೇಕಾಗಿತ್ತಾ ನಿಮಗೆ?"

"ಕುತ್ತಿಗೆ ತಿರುಗಲ್ಲ ಅಂದಿದ್ರೆ ನೀನು ಕೆಲ್ಸ ಕೊಡ್ತಿದ್ಯೇನಮ್ಮಾ? ಮುಂದಕ್ಕೆ ಓಡ್ಸೋದ್ರಲ್ಲಿ ತಪ್ಪಿದ್ರೆ ಹೇಳು."

ಮುಂದಕ್ಕೆ ಓಡಿಸುವುದರಲ್ಲಿ ಒಂದು ಗೀರೂ ಬಿದ್ದಿರಲಿಲ್ಲ. ಆದರೂ ನಾಳೆಯಿಂದ ಬರಬೇಡಿ ಎಂದು ಹೇಳಿ ಬಂದೆ. ಯಜಮಾನರು ಕಾರಿಗೆ ಗಿರಾಕಿ ಹುಡುಕಲು ಶುರು ಮಾಡಿದರು.

ಅವರಿಗಿಂತ ಮೊದಲು ನನಗೆ ಗಿರಾಕಿ ಸಿಕ್ಕಿದರು. ಗೌರಿಬಿದನೂರಿನಿಂದ ಒಬ್ಬ ಹೆಂಗಸು ಫೋನ್ ಮಾಡಿ, "ಹೆಣ್ಣು ಕೂತಾಗ ರಿವರ್ಸ್ ಹಾಕಿದ್ದಕ್ಕೇ ಚರಂಡಿಗೆ ಬಿತ್ತಂತಲ್ಲಮ್ಮಾ. ಡ್ರೈವರು ಬೇಡ ಬೇಡ ಅಂದ್ರೂ ಕೇಳಲಿಲ್ವಂತೆ. ನಮ್ಮ ಹುಡುಗಿಗೆ ಆ ಡ್ರೈವರೇ ಬರ್ಬೇಕು ನೋಡಿ," ಎಂದಳು. ವಾರದಲ್ಲಿ ಇಂಥವೇ ನಾಲ್ಕು ಫೋನು. ಊರೂರಿಗೆ ಸುದ್ದಿ ಹಬ್ಬಿತ್ತು. ಇಲ್ಲದ ಶಾಸ್ತ್ರಕ್ಕೆ ನಾನೇ ಹೋಗಿ ಚರಂಡಿಯಲ್ಲಿ ಬಿದ್ದು ಸಾಕ್ಷಿ ಹೇಳಿದಂತಾಗಿತ್ತು. ಯಾರ ಮೇಲೆ ಸಿಟ್ಟು ಮಾಡಿಕೊಳ್ಳುವುದೆಂದೇ ತಿಳಿಯಲಿಲ್ಲ.

ಮುಖ ಸಣ್ಣಗೆ ಮಾಡಿಕೊಂಡು ಚಾಚಾರ ಮನೆ ಬಾಗಿಲಿಗೆ ಹೋದೆ. ಒಂದು ಚುಚ್ಚು ಮಾತಾಡಿದ್ದರೂ ನನಗೆ ಹಗುರವಾಗುತ್ತಿತ್ತು. ಇಡೀ ಮೈ ನನ್ನ ಕಡೆ ತಿರುಗಿಸಿ, "ಟೀ ಕುಡಿ. ಗೌರಿಬಿದನೂರಲ್ಲಿ ಯಾವ ಬೀದಿ?" ಎಂದರು.

ಆಮೇಲೆ ನಮ್ಮಿಬ್ಬರಲ್ಲಿ ಒಂದು ಒಪ್ಪಂದವಾಯಿತು. ಮುಂದಕ್ಕೆ ಅವರು, ಹಿಂದಕ್ಕೆ ನಾನು. ಖಾಲಿ ಗಾಡಿ ತಿರುಗಿಸುವುದು, ಶೆಡ್ಡಿಗೆ ಹಾಕುವುದು ನನ್ನ ಪಾಲು. ಅದಕ್ಕಾಗಿ ನನಗೆ ಆ ಕಾರು ಕಲಿಸಿದರು. "ಹಿಂದಿನ ಚಕ್ರ ನಿನ್ನ ಹಿಂದೆ ಇಲ್ಲ, ಪಕ್ಕದ ಮನೇಲಿದೆ ಅಂದ್ಕೋ," ಅನ್ನುತ್ತಿದ್ದರು. ಮೂರು ಸೀಸನ್ ಹೀಗೇ ನಡೆಯಿತು, ಕಾರು ಮಾರುವ ಮಾತು ಮನೆಯಲ್ಲಿ ನಿಂತುಹೋಯಿತು. ಅಷ್ಟರಲ್ಲಿ ಅವರಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರಲು ಶುರುವಾಗಿತ್ತು. ಡಾಕ್ಟರು ಬೆಂಗಳೂರಿಗೆ ಹೋಗಿ ತೋರಿಸಿ ಅಂದರೆ, "ಆಷಾಢ ಬರ್ಲಿ, ಹೋಗಣ," ಅನ್ನುವರು. ಮದುವೆಗಳಿಲ್ಲದ ತಿಂಗಳು ಅಂದರೆ ಅವರಿಗೂ ಆಷಾಢವೇ. ಒಂದು ಆಷಾಢ ಬಂತು, ಹೋಯಿತು. ಅವರು ಹೋಗಲಿಲ್ಲ, ನಾನು ಒತ್ತಾಯಿಸಲೂ ಇಲ್ಲ. ನಿಜ ಹೇಳಬೇಕೆಂದರೆ, ಅವರು ಆಸ್ಪತ್ರೆಯಲ್ಲಿ ಮಲಗಿಬಿಟ್ಟರೆ ಶ್ರಾವಣದ ಬುಕಿಂಗುಗಳು ಏನಾಗುತ್ತವೋ ಅನ್ನುವುದೇ ನನ್ನ ಚಿಂತೆಯಾಗಿತ್ತು.

ಈ ವರ್ಷ ಆಷಾಢಕ್ಕೆ ಇನ್ನೂ ಎರಡು ವಾರವಿತ್ತು. ಮುದ್ದೇನಹಳ್ಳಿ ಕಡೆಯ ಹೆಣ್ಣು, ಚಿಕ್ಕಬಳ್ಳಾಪುರದ ಛತ್ರ. ಹಿಂದಿನ ದಿನ ದಾರಿ ನಡೆದು ನೋಡಿ ಬಂದು, ಎಲ್ಲಿ ಜಲ್ಲಿ ಸುರಿದಿದ್ದಾರೆ, ಎಲ್ಲಿ ಎಡಕ್ಕೆ ತೆಗೆಯಬಾರದು ಅಂತೆಲ್ಲ ನನಗೂ ಹೇಳಿದ್ದರು. ಬೆಳಿಗ್ಗೆ ಬರಲೇ ಇಲ್ಲ. ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಹೊತ್ತು ಮೀರುತ್ತಿತ್ತು. ನಾನೇ ಕಾರು ತೆಗೆದುಕೊಂಡು ಹೋಗಿ ಹೆಣ್ಣನ್ನು ಹತ್ತಿಸಿಕೊಂಡೆ. ಹೆಣ್ಣು ಕೂತಿರುವಾಗ ನಾನು ಆ ಕಾರು ಓಡಿಸಿದ್ದು ಅದೇ ಮೊದಲು. ತಿರುವು ಬಂದಲ್ಲೆಲ್ಲ ಚಾಚಾರನ್ನು ಬೈದುಕೊಂಡೆ. ಎಲ್ಲಿ ಹಾಳಾಗಿ ಹೋದರೋ ಈ ಮನುಷ್ಯ ಅಂತ ಗಟ್ಟಿಯಾಗಿಯೇ ಅಂದೆ, ಹಿಂದೆ ಕೂತ ಹುಡುಗಿ ನಕ್ಕಳು. ಅವರು ಹೇಳಿದ ದಾರಿಯಲ್ಲೇ, ಒಂದು ಸಲವೂ ಹಿಂದಕ್ಕೆ ಸರಿಯದೆ, ಮುಹೂರ್ತಕ್ಕೆ ಮೊದಲೇ ಛತ್ರ ಮುಟ್ಟಿಸಿದೆ. ಅಲ್ಲಿಂದಲೂ ಫೋನ್ ಮಾಡಿದೆ, ಎತ್ತಲಿಲ್ಲ. ಇವತ್ತು ಬಿಡುವುದಿಲ್ಲ ಅಂದುಕೊಂಡು ಹೂವಿನ ಹಾರ ಕೂಡ ಬಿಚ್ಚದೆ ಕಾರನ್ನು ನೇರವಾಗಿ ಅವರ ಬೀದಿಗೆ ಓಡಿಸಿದೆ.

ಬಾಗಿಲ ಮುಂದೆ ಚಪ್ಪಲಿಗಳು ಬೀದಿಯವರೆಗೂ ಇದ್ದವು. ಬೆಳಗಿನ ಜಾವ ಎದೆ ಹಿಡಿದುಕೊಂಡಿತಂತೆ. ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಮುಗಿಯಿತಂತೆ.

ಚಾಚಿ ನನ್ನನ್ನು ನೋಡಿ ಮೊದಲು ಕೇಳಿದ್ದು, "ಹೆಣ್ಣು ತಲುಪಿದಳಾ?"

"ತಲುಪಿದಳು ಚಾಚಿ."

"ಎದೆ ಹಿಡ್ಕೊಂಡಾಗ್ಲೇ, ಅಲ್ಲೀವರೆಗೂ ನಿನಗೆ ಹೇಳ್ಬೇಡ ಅಂದ್ರು. ಹೇಳಿದ್ರೆ ಗಾಡಿ ಅಲ್ಲೇ ಬಿಟ್ಟು ಬಂದುಬಿಡ್ತಾಳೆ ಅಂದ್ರು."

ಚಾಚಾರ ಫೋನು ಅವರ ತಲೆಯ ಹತ್ತಿರದ ಕಿಟಕಿಯಲ್ಲಿತ್ತು. ಹನ್ನೊಂದು ಸಲ ಮಾಡಿದ್ದೆ ನಾನು, ಹನ್ನೊಂದು ಸಲವೂ ಬೈದುಕೊಂಡೇ. ಆಫ್ ಮಾಡಿದರೆ ನನಗೆ ಅನುಮಾನ ಬರುತ್ತದೆಂದು ಅದನ್ನು ಆಫ್ ಮಾಡಿರಲಿಲ್ಲ. ಬೆಳಿಗ್ಗೆಯಿಂದ ಆ ಮನೆಯವರು ಚಾಚಾರ ಸುತ್ತ ಕೂತು, ನನ್ನ ಫೋನು ಹೊಡೆದುಕೊಳ್ಳುವುದನ್ನು ಸುಮ್ಮನೆ ಕೇಳಿಸಿಕೊಂಡಿದ್ದರು.