ಫ್ಯಾನಿಗೊಂದು ಒಡಪು

ಸೆರಗಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿದು, ಅಜ್ಜಿ ಕಪಾಟಿನ ಮೇಲಿನ ದುಂಡನೆಯ ಸ್ಪೀಕರಿಗೆ ಪಿಸುಗುಟ್ಟಿದಳು: "ಅವರ ಫ್ಯಾನ್ ಹಚ್ಚವ್ವಾ."

"ಆ ಹೆಸರಿನ ಫ್ಯಾನ್ ಸಿಗಲಿಲ್ಲ" ಎಂದಿತು ಯಂತ್ರದ ಹೆಣ್ಣುದನಿ.

"ನೀನೂ ಹೆಣ್ಮಗಳ ಅದಿ. ಇಷ್ಟೂ ತಿಳಿಯಂಗಿಲ್ಲೇನು?"

ಶಹಾಪುರದ ನಮ್ಮ ಮನೆಗೆ ಈ ಯಂತ್ರ ತಂದದ್ದೇ ಅಜ್ಜಿಯ ಮೊಣಕಾಲು ನೋವಿಗಾಗಿ, ಎದ್ದು ಸ್ವಿಚ್ ಒತ್ತುವ ಕಷ್ಟ ತಪ್ಪಲೆಂದು. ಕೋಣೆ ಯಾರದೋ ಅವರ ಹೆಸರನ್ನೇ ಫ್ಯಾನಿಗೆ ಇಟ್ಟಿದ್ದೆ. ಆದರೆ ಅಜ್ಜಿ ಮದುವೆಯಾದಾಗಿನಿಂದ ಗಂಡನ ಹೆಸರನ್ನು ಬರಿದೇ ಬಾಯಲ್ಲಿ ತಂದವಳಲ್ಲ. ಮೇ ತಿಂಗಳ ಆ ಮಧ್ಯಾಹ್ನ ಅಜ್ಜನೂ ಬೆವರುತ್ತ, ಬೇಕೆಂದೇ ಸುಮ್ಮನೆ ಕೂತಿದ್ದ.

"ಒಂದ್ ಸಲ ಅಂದ್ಬಿಡ. ನನ್ನ ಹೆಸರೇನು ಸವೀತದೇನು?"

ಹೆಸರು ಬದಲಿಸಲು ನಾನು ಫೋನ್ ತೆಗೆದೆ. ಅಜ್ಜ ಕಣ್ಣಲ್ಲೇ ತಡೆದ.

ಕೊನೆಗೆ ಅಜ್ಜಿ ಗಂಟಲು ಸರಿಮಾಡಿಕೊಂಡು, ಮದುವೆ ಮನೆಯಲ್ಲಿ ಹೆಣ್ಣುಮಕ್ಕಳು ಗಂಡನ ಹೆಸರನ್ನು ಪದ್ಯದೊಳಗೆ ಸೇರಿಸಿ ಹೇಳುವಂತೆ, ಒಡಪು ಕಟ್ಟಿದಳು:

"ಹೂರಣದ ಹೋಳಿಗಿ ಮ್ಯಾಲ ಸುರುವೀನಿ ತುಪ್ಪ,
ಮಲ್ಲಣ್ಣೋರ ಫ್ಯಾನ್ ಹಚ್ಚಿದ್ರ ಏನದ ತಪ್ಪ?"

ಯಂತ್ರ ಹೋಳಿಗೆ ಮಾಡುವ ವಿಧಾನವನ್ನು ಓದತೊಡಗಿತು.

"ನನಗ ಬ್ಯಾಳಿ ಕುದಿಸೋದು ಕಲಿಸಾಕ ಬಂದಾಳ!" ಎಂದು ಅಜ್ಜಿ ಸಿಡುಕಿದಳು.

ಅಜ್ಜನ ಮುಖ ಮಾತ್ರ ಮದುಮಗನದಾಗಿತ್ತು. ತಾನೇ ಎದ್ದು ಸ್ವಿಚ್ ಒತ್ತಿ ಬಂದು ಕೂತು, "ಇನ್ನೊಂದ್ ಸಲ ಹೇಳ" ಎಂದ.

ಮರುದಿನ ಬೆಳಿಗ್ಗೆ ನಾನು ಫ್ಯಾನಿನ ಹೆಸರು ಬದಲಿಸಲಿಲ್ಲ. ಆ ಒಡಪನ್ನೇ ಅಕ್ಷರ ತಪ್ಪದೆ ಟೈಪ್ ಮಾಡಿ, ಅದನ್ನು ಕೇಳಿದಾಗ ಫ್ಯಾನ್ ಹಚ್ಚಬೇಕೆಂದು ಯಂತ್ರಕ್ಕೆ ಕಲಿಸಿದೆ.